ಬಾಳೆ ಬೆಳೆಯದ ಊರಿನಲ್ಲಿ ಬಾಳೆಯ ಭಂಡಾರ

ನಮ್ಮ ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಬಾಳೆ ಇಲ್ಲದ ಹಿತ್ತಿಲು ಸಿಗುವುದು ಅಪರೂಪ. ಅಡಿಕೆ ತೋಟದ ನಡುವೆ ಒಂದೆರಡು ಸಾಲು, ಬಚ್ಚಲು ನೀರು ಹೋಗುವಲ್ಲಿ ನಾಲ್ಕು ಬುಡ, ಬಾವಿಕಟ್ಟೆಯ ಬಳಿ ಒಂದು ಕದಳಿ. ನೇಂದ್ರ, ಮೈಸೂರು, ಪಚ್ಚೆಬಾಳೆ ಎಂದು ಮಕ್ಕಳೂ ಹೆಸರು ಹೇಳಬಲ್ಲರು. ಹಾಗಾದರೆ ಲೋಕದ ಬಾಳೆ ತಳಿಗಳ ಅತ್ಯಂತ ದೊಡ್ಡ ಸಂಗ್ರಹ ಎಲ್ಲಿರಬಹುದು? ಕೇರಳದಲ್ಲೇ, ಫಿಲಿಪ್ಪೀನ್ಸ್‌ನಲ್ಲೇ, ಆಫ್ರಿಕದಲ್ಲೇ ಎಂದು ನೀವು ಊಹಿಸಬಹುದು. ಅದು ಇರುವುದು ಚಳಿಗಾಲದಲ್ಲಿ ಹಿಮ ಬೀಳುವ ಬೆಲ್ಜಿಯಂ ದೇಶದಲ್ಲಿ, ಲುವೆನ್ ನಗರದ ಕಥೋಲಿಕ ವಿಶ್ವವಿದ್ಯಾನಿಲಯದಲ್ಲಿ.

ಲುವೆನ್ ಎಂಬ ಹೆಸರು ನಮ್ಮಲ್ಲಿ ಕೆಲವರಿಗೆ ಪರಿಚಿತವೇ. ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆಗೆ ಪ್ರಾಣ ತೆತ್ತ ಸಂತ ದಾಮಿಯನರ ಸಮಾಧಿ ಇರುವುದು ಆ ಊರಿನಲ್ಲಿ. ಅಲ್ಲಿನ ವಿಶ್ವವಿದ್ಯಾನಿಲಯವನ್ನು 1425ರಲ್ಲಿ ಪೋಪ್ ಐದನೇ ಮಾರ್ಟಿನ್ ಸ್ಥಾಪಿಸಿದರು. ವಿಶ್ವವು ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಗುರು ಜಾರ್ಜ್ ಲೆಮೇತ್ರ್ ಅಲ್ಲಿಯ ಪ್ರಾಧ್ಯಾಪಕರು. ಆದರೆ ಈ ಅಂಕಣದ ಓದುಗರಿಗೆ ನಕ್ಷತ್ರಕ್ಕಿಂತ ನೆಲ ಹತ್ತಿರ. ಆದ್ದರಿಂದ ಬಾಳೆಯ ವಿಷಯಕ್ಕೇ ಬರೋಣ.

ಬೀಜವಿಲ್ಲದ ಬೆಳೆಯ ಕಷ್ಟ

ಭತ್ತ, ರಾಗಿ, ಹುರುಳಿಗಳ ತಳಿಯನ್ನು ಉಳಿಸಬೇಕಾದರೆ ಬೀಜವನ್ನು ಒಣಗಿಸಿ ತಂಪಿನಲ್ಲಿ ಇಟ್ಟರಾಯಿತು. ನಾರ್ವೆ ದೇಶದ ಸ್ವಾಲ್ಬಾರ್ಡ್ ದ್ವೀಪದಲ್ಲಿ 2008ರಲ್ಲಿ ಗುಡ್ಡವನ್ನೇ ಕೊರೆದು ಇಂಥ ಬೀಜಗಳ ಉಗ್ರಾಣ ಮಾಡಿದ್ದಾರೆ. ನಾವು ತಿನ್ನುವ ಬಾಳೆಗೆ ಅಲ್ಲಿ ಸ್ಥಳವಿಲ್ಲ. ಏಕೆಂದರೆ ಅದಕ್ಕೆ ಬೀಜವೇ ಇಲ್ಲ. ಕಾಡುಬಾಳೆಯ ಹಣ್ಣಿನಲ್ಲಿ ಕಲ್ಲಿನಂಥ ಬೀಜ ತುಂಬಿರುತ್ತದೆ. ಸಾವಿರಾರು ವರ್ಷಗಳ ಹಿಂದೆ ಹಳಬರು ಬೀಜ ಕಡಿಮೆ ಇದ್ದ, ತಿರುಳು ಹೆಚ್ಚು ಇದ್ದ ಗಿಡಗಳನ್ನು ಆರಿಸಿ ಅವುಗಳ ಕಂದು ಕಿತ್ತು ನೆಡುತ್ತಾ ಬಂದರು. ಹೀಗೆ ಬಂದದ್ದು ಇಂದಿನ ಬಾಳೆ.

ಕಂದಿನಿಂದ ಬೆಳೆದ ಗಿಡ ತಾಯಿಗಿಡದ ತದ್ರೂಪ. ಒಂದು ತೋಟದ ಸಾವಿರ ನೇಂದ್ರ ಬಾಳೆಗಳೂ ಒಂದೇ ಗಿಡದ ಸಾವಿರ ತುಂಡುಗಳಿದ್ದ ಹಾಗೆ. ಇದರಿಂದ ಲಾಭವಿದೆ. ಅಜ್ಜ ನೆಟ್ಟ ಬಾಳೆಯ ರುಚಿ ಮೊಮ್ಮಗನಿಗೂ ಸಿಗುತ್ತದೆ. ಅಪಾಯವೂ ಇದೆ. ಒಂದು ಗಿಡವನ್ನು ಕೊಲ್ಲಬಲ್ಲ ರೋಗ ಆ ತಳಿಯ ಎಲ್ಲ ಗಿಡಗಳನ್ನೂ ಕೊಲ್ಲಬಲ್ಲದು.

ಹಾಗೆ ಆದದ್ದೂ ಉಂಟು. ಮಧ್ಯ ಅಮೆರಿಕದಿಂದ ಲೋಕಕ್ಕೆಲ್ಲ ರಫ್ತಾಗುತ್ತಿದ್ದ ಬಾಳೆಯ ಹೆಸರು ಗ್ರೋ ಮಿಶೆಲ್. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಪನಾಮ ಸೊರಗು ರೋಗ ಆ ತೋಟಗಳನ್ನು ಒಂದೊಂದಾಗಿ ನುಂಗಿತು. 1960ರ ದಶಕದ ಹೊತ್ತಿಗೆ ರಫ್ತು ಕಂಪೆನಿಗಳು ಗ್ರೋ ಮಿಶೆಲನ್ನು ಕೈಬಿಟ್ಟು ಕ್ಯಾವೆಂಡಿಶ್ ಗುಂಪಿನ ಬಾಳೆಗೆ ಬದಲಾದವು. ನಮ್ಮ ಪಚ್ಚೆಬಾಳೆ ಮತ್ತು ಈಗ ಎಲ್ಲೆಡೆ ನೆಡುವ ಜಿ-9 ಇದೇ ಗುಂಪಿನವು. ಆದರೆ ಅದೇ ಶಿಲೀಂಧ್ರದ ಇನ್ನೊಂದು ಬಗೆ, ಟಿ.ಆರ್.4 ಎಂದು ಕರೆಯುವುದು, ಈಗ ಕ್ಯಾವೆಂಡಿಶನ್ನೂ ಬಿಡುತ್ತಿಲ್ಲ. ಅದು 1997ರಲ್ಲಿ ಆಸ್ಟ್ರೇಲಿಯಾದಲ್ಲಿ, 2013ರಲ್ಲಿ ಮೊಜಾಂಬಿಕ್‌ನಲ್ಲಿ, 2019ರಲ್ಲಿ ಕೊಲಂಬಿಯಾದಲ್ಲಿ ಕಾಣಿಸಿತು. ಭಾರತದಲ್ಲಿ ಬಿಹಾರ ಮತ್ತು ಉತ್ತರ ಪ್ರದೇಶದ ತೋಟಗಳಿಗೂ ತಗಲಿದೆ. ಹಳೆಯ ಬಗೆಯ ಸೊರಗು ರೋಗವಂತೂ ನಮಗೆ ಬಹಳ ಹಿಂದಿನಿಂದ ಗೊತ್ತು. ಮೈಸೂರು ಸೀಮೆಯ ಹೆಸರಾಂತ ನಂಜನಗೂಡು ರಸಬಾಳೆ ಅಳಿವಿನ ಅಂಚಿಗೆ ಬಂದುದಕ್ಕೆ ಈ ರೋಗವೇ ಮುಖ್ಯ ಕಾರಣ.

ಇಂಥ ರೋಗಕ್ಕೆ ಸಿಂಪಡಿಸಿ ಗುಣಪಡಿಸುವ ಔಷಧವಿಲ್ಲ. ಒಮ್ಮೆ ಮಣ್ಣಿಗೆ ಸೇರಿದ ಶಿಲೀಂಧ್ರ ದಶಕಗಳ ಕಾಲ ಅಲ್ಲೇ ಇರುತ್ತದೆ. ಉಳಿದ ದಾರಿ ಎಂದರೆ ರೋಗ ತಡೆಯಬಲ್ಲ ಬಾಳೆಯನ್ನು ಹುಡುಕುವುದು, ಅಥವಾ ಅಂಥ ಗುಣವುಳ್ಳ ಕಾಡುಬಾಳೆ, ನಾಡುಬಾಳೆಗಳನ್ನು ಕೂಡಿಸಿ ಹೊಸ ತಳಿ ಮಾಡುವುದು. ಅದಕ್ಕೆ ಎಲ್ಲ ಬಗೆಯ ಬಾಳೆಗಳೂ ಎಲ್ಲಿಯಾದರೂ ಒಂದು ಕಡೆ ಜೀವಂತವಾಗಿ ಇರಬೇಕಷ್ಟೆ.

ಲುವೆನ್‌ನಲ್ಲಿ ಮಾಡುವುದೇನು?

ಈ ಸಂಗ್ರಹ ಆರಂಭವಾದದ್ದು 1985ರಲ್ಲಿ. ಬೆಲ್ಜಿಯಂನವರಿಗೆ ಹಿಂದೆ ಕಾಂಗೋ ದೇಶದ ಯಾಂಗಂಬಿ ಎಂಬಲ್ಲಿ ದೊಡ್ಡ ಕೃಷಿ ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಬಾಳೆಯನ್ನು ಅಭ್ಯಸಿಸಿದ ಎಡ್ಮಂಡ್ ಡಿ ಲಾಂಗ್ ಮುಂದೆ ಲುವೆನ್‌ನಲ್ಲಿ ಪ್ರಾಧ್ಯಾಪಕರಾದರು. ಅವರ ಬಳಿಕ ರೋನಿ ಸ್ವೆನ್ನೆನ್, ಬಾರ್ಟ್ ಪಾನಿಸ್ ಮುಂತಾದವರು ಕೆಲಸ ಮುಂದುವರಿಸಿದರು. ಇಂದು ಅಲ್ಲಿ 1,500ಕ್ಕೂ ಹೆಚ್ಚು ಬಗೆಯ ಬಾಳೆಗಳಿವೆ. ಏಷ್ಯಾ, ಆಫ್ರಿಕ, ಪೆಸಿಫಿಕ್ ದ್ವೀಪಗಳ ನಾಟಿ ತಳಿಗಳೂ, ಕಾಡುಬಾಳೆಗಳೂ, ವಿಜ್ಞಾನಿಗಳು ಮಾಡಿದ ಮಿಶ್ರತಳಿಗಳೂ ಅದರಲ್ಲಿ ಸೇರಿವೆ. ಭಾರತದಿಂದ ಹೋದವುಗಳೂ ಇವೆ.

ಇಷ್ಟು ಬಾಳೆಗೆ ತೋಟ ಎಷ್ಟು ಎಕರೆ ಎಂದು ಕೇಳಬೇಡಿ. ಒಂದು ಕೋಣೆ ಸಾಕು. ಪ್ರತಿಯೊಂದು ತಳಿಯ ಎಳೆಸಸಿಗಳನ್ನು ಗಾಜಿನ ನಳಿಕೆಗಳಲ್ಲಿ, ಪೋಷಕ ದ್ರವ್ಯ ಬೆರೆತ ಲೋಳೆಯ ಮೇಲೆ ಇಟ್ಟಿದ್ದಾರೆ. ಕೋಣೆಯ ಉಷ್ಣತೆ ಸುಮಾರು 16 ಡಿಗ್ರಿ, ಬೆಳಕು ಮಂದ. ಈ ತಂಪಿನಲ್ಲಿ ಸಸಿ ಸಾಯುವುದಿಲ್ಲ, ಹೆಚ್ಚು ಬೆಳೆಯುವುದೂ ಇಲ್ಲ. ಆದರೂ ಸುಮಾರು ವರ್ಷಕ್ಕೊಮ್ಮೆ ಪ್ರತಿ ಸಸಿಯನ್ನೂ ತೆಗೆದು, ಕತ್ತರಿಸಿ, ಹೊಸ ನಳಿಕೆಗೆ ವರ್ಗಾಯಿಸಬೇಕು. ಹೀಗೆ ಪದೇಪದೇ ಮಾಡುವಾಗ ಕೆಲವು ಸಸಿಗಳ ಗುಣ ಬದಲಾಗುವುದುಂಟು. ಆದ್ದರಿಂದ ಆಗಾಗ ಸಸಿಗಳನ್ನು ಮಣ್ಣಿನಲ್ಲಿ ಬೆಳೆಸಿ, ಇದು ಅದೇ ಬಾಳೆ ಹೌದೋ ಅಲ್ಲವೋ ಎಂದು ಪರೀಕ್ಷಿಸುತ್ತಾರೆ.

ಇನ್ನೂ ದೀರ್ಘಕಾಲ ಉಳಿಸಲು ಅವರು ಕಂಡುಕೊಂಡ ದಾರಿ ಸೋಜಿಗದ್ದು. ಬಾಳೆಗಿಡದ ಬೆಳವಣಿಗೆ ನಡೆಯುವ ಮೊಳಕೆಯ ತುದಿ ಒಂದು ಮಿಲಿಮೀಟರಿನಷ್ಟೂ ಇರುವುದಿಲ್ಲ. ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿಡುತ್ತಾರೆ. ನೀಲಗಿರಿಯಲ್ಲಿ ಹಿಮ ಬಿದ್ದ ಬೆಳಿಗ್ಗೆ ಆಲೂಗಡ್ಡೆ ಗಿಡ ಕರಿದುಹೋಗುವುದನ್ನು ಕಂಡವರಿಗೆ ಸಂಶಯ ಬರುವುದು ಸಹಜ. ಗಿಡ ಕರಿಯುವುದು ಅದರ ಒಳಗಿನ ನೀರು ಹರಳುಗಟ್ಟಿ ಜೀವಕೋಶಗಳನ್ನು ಹರಿಯುವುದರಿಂದ. ಲುವೆನ್‌ನವರು ಮೊದಲು ಗಟ್ಟಿ ದ್ರಾವಣದಲ್ಲಿ ಅದ್ದಿ ಮೊಳಕೆಯ ನೀರನ್ನು ಹೊರಸೆಳೆಯುತ್ತಾರೆ. ಬಳಿಕ ಅಲ್ಯುಮಿನಿಯಂ ಹಾಳೆಯ ಮೇಲೆ ಹನಿಯೊಂದರಲ್ಲಿಟ್ಟು ಥಟ್ಟನೆ ತಣಿಸುತ್ತಾರೆ. ಆಗ ಉಳಿದ ನೀರು ಹರಳಾಗದೆ ಗಾಜಿನಂತೆ ಗಟ್ಟಿಯಾಗುತ್ತದೆ. ಹೀಗೆ ಇಟ್ಟ ಮೊಳಕೆಯನ್ನು ವರ್ಷಗಳ ನಂತರ ತೆಗೆದು ಬೆಚ್ಚಗೆ ಮಾಡಿದರೆ ಮತ್ತೆ ಚಿಗುರುತ್ತದೆ. ಸಂಗ್ರಹದ ಹೆಚ್ಚಿನ ಪಾಲನ್ನು ಹೀಗೆ ಶೇಖರಿಸಿ, ಅದರ ಇನ್ನೊಂದು ಪ್ರತಿಯನ್ನು ಫ್ರಾನ್ಸಿನ ಮೊಂಪೆಲ್ಯೆ ನಗರದಲ್ಲೂ ಇಟ್ಟಿದ್ದಾರೆ.

ಇನ್ನೊಂದು ಪ್ರತಿ ಏಕೆ ಬೇಕೆಂದು ಲುವೆನ್‌ನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1914ರ ಆಗಸ್ಟ್ ತಿಂಗಳಲ್ಲಿ ಜರ್ಮನ್ ಸೈನಿಕರು ಆ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಬೆಂಕಿಯಿಟ್ಟರು. ಸುಮಾರು 3 ಲಕ್ಷ ಪುಸ್ತಕಗಳೂ, ಬೇರೆಲ್ಲೂ ಇಲ್ಲದ ಹಸ್ತಪ್ರತಿಗಳೂ ಬೂದಿಯಾದವು. ಅಮೆರಿಕದ ಜನರ ದೇಣಿಗೆಯಿಂದ ಕಟ್ಟಿದ ಹೊಸ ಗ್ರಂಥಾಲಯ 1928ರಲ್ಲಿ ತೆರೆಯಿತು. 1940ರ ಮೇ ತಿಂಗಳಲ್ಲಿ ಅದೂ ಯುದ್ಧದ ಬೆಂಕಿಗೆ ತುತ್ತಾಯಿತು. ಮುಂದೆ 1968ರಲ್ಲಿ ಡಚ್ ಮಾತಾಡುವವರಿಗೂ ಫ್ರೆಂಚ್ ಮಾತಾಡುವವರಿಗೂ ಒಂದೇ ವಿಶ್ವವಿದ್ಯಾನಿಲಯದಲ್ಲಿ ಇರಲಾಗದೆ ಅದು ಎರಡಾಯಿತು. ಪುಸ್ತಕಗಳನ್ನು ಹಂಚುವಾಗ ಸಮ ಸಂಖ್ಯೆಯವು ಒಬ್ಬರಿಗೆ, ಬೆಸ ಸಂಖ್ಯೆಯವು ಇನ್ನೊಬ್ಬರಿಗೆ ಎಂದು ಪಾಲು ಮಾಡಿದರಂತೆ. ಗಡಿನಾಡಿನಲ್ಲಿ ಬಾಳುವ ನಮಗೆ ಭಾಷೆಯ ವ್ಯಾಜ್ಯ ಮನೆಯನ್ನು ಎಲ್ಲಿಗೆ ಮುಟ್ಟಿಸುತ್ತದೆಂದು ವಿವರಿಸಬೇಕಾಗಿಲ್ಲ.

ಹಂಚುವುದಕ್ಕಾಗಿ ಕೂಡಿಟ್ಟದ್ದು

ಈ ಭಂಡಾರ ಬೀಗ ಹಾಕಿಟ್ಟ ತಿಜೋರಿಯಲ್ಲ. ಇಲ್ಲಿಯ ಬಾಳೆಗಳು ಇಡೀ ಲೋಕಕ್ಕೆ ಸೇರಿದವು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೊಂದಿಗೆ 1994ರಲ್ಲಿ ಒಪ್ಪಂದವಾಗಿದೆ. ಸಂಶೋಧನೆಗೆ, ತಳಿ ಅಭಿವೃದ್ಧಿಗೆ ಬೇಕೆಂದು ಕೇಳಿದವರಿಗೆ ಕೆಲವು ಸಸಿಗಳನ್ನು ಕಳುಹಿಸುತ್ತಾರೆ. ನೂರಕ್ಕೂ ಹೆಚ್ಚು ದೇಶಗಳಿಗೆ ಹೀಗೆ ಸಸಿ ಹೋಗಿದೆ.

ಟಾಂಜಾನಿಯ ದೇಶದ ಕಾಗೇರಾ ಪ್ರದೇಶದ ಉದಾಹರಣೆ ನೋಡಿ. ಅಲ್ಲಿ ಬಾಳೆಕಾಯಿಯೇ ಊಟ. ನಮಗೆ ಅನ್ನ ಇದ್ದ ಹಾಗೆ. ರೋಗ, ಕೀಟಗಳಿಂದ ಬಾಳೆ ಸೋತು ಜನ ಕಂಗೆಟ್ಟಿದ್ದಾಗ, 1990ರ ದಶಕದ ಕೊನೆಯಲ್ಲಿ ಬೆಲ್ಜಿಯಂನ ನೆರವಿನಿಂದ ಹತ್ತಾರು ಸಾವಿರ ಸಸಿಗಳನ್ನು ಅಲ್ಲಿಗೆ ಸಾಗಿಸಿದರು. ಹೊಂಡುರಾಸ್ ದೇಶದಲ್ಲಿ ಮಾಡಿದ ಮಿಶ್ರತಳಿಗಳೂ, ಕಾಂಗೋದ ಹಳೆಯ ಯಾಂಗಂಬಿ ಬಾಳೆಯೂ ಅವುಗಳಲ್ಲಿದ್ದವು. ಆ ಸಸಿಗಳಿಂದ ಕಂದು ತೆಗೆದು ಹಳ್ಳಿಯಿಂದ ಹಳ್ಳಿಗೆ ಹಂಚಿದವರು ಅಲ್ಲಿಯ ರೈತರೇ.

ಆರೋಗ್ಯದ ದೃಷ್ಟಿಯಿಂದಲೂ ಈ ಸಂಗ್ರಹ ಉಪಯೋಗಕ್ಕೆ ಬಂದಿದೆ. ತಿರುಳು ಕಿತ್ತಳೆ ಬಣ್ಣವಿರುವ ಬಾಳೆಗಳಲ್ಲಿ, ನಮ್ಮ ದೇಹ 'ಎ' ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಕ್ಯಾರೊಟಿನ್ ಹೆಚ್ಚು. 'ಎ' ಜೀವಸತ್ವ ಕಡಿಮೆಯಾದ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ, ಸೋಂಕುಗಳನ್ನು ತಡೆಯುವ ಶಕ್ತಿ ಕುಂದುತ್ತದೆ. ಪೂರ್ವ ಕಾಂಗೋ ಮತ್ತು ಬುರುಂಡಿಯ ರೈತರಿಗೆ ಇಂಥ ಬಾಳೆಗಳನ್ನು ಆರಿಸಿ ಕೊಟ್ಟಿದ್ದಾರೆ. ನಮ್ಮಲ್ಲಿ ಇದಕ್ಕೆ ದೂರ ಹೋಗಬೇಕಾಗಿಲ್ಲ. ದಕ್ಷಿಣ ಭಾರತದ ಬಾಳೆಗಳಲ್ಲಿ ನೇಂದ್ರ ಮತ್ತು ಕೆಂಪುಬಾಳೆಗಳಲ್ಲಿ ಕ್ಯಾರೊಟಿನ್ ಉಳಿದವುಗಳಿಗಿಂತ ಹೆಚ್ಚು. ಹಸುಳೆಗೆ ಬಾಳೆಕಾಯಿ ಹುಡಿಯ ಗಂಜಿ ಕೊಡುವ ಕೇರಳದ ಅಜ್ಜಿಯರ ಪದ್ಧತಿಯನ್ನು ಹಳೆಯದೆಂದು ಕಡೆಗಣಿಸಬೇಡಿ. ಆದರೆ ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ ಸಾಕು ಎಂಬುದನ್ನೂ ಮರೆಯಬೇಡಿ.

ನಮ್ಮ ತೋಟಕ್ಕೆ ಇದರಿಂದ ತಿಳಿಯುವುದೇನು?

ಮೊದಲನೆಯದಾಗಿ, ಲುವೆನ್‌ನಿಂದ ಒಂದು ಸಸಿ ಹೊರಗೆ ಹೋಗುವ ಮುನ್ನ ಅದರಲ್ಲಿ ವೈರಸ್ ಇದೆಯೇ ಎಂದು ಪರೀಕ್ಷೆ ಮಾಡುತ್ತಾರೆ. ಅಂಗಾಂಶ ಕೃಷಿಯ, ಅಂದರೆ ಟಿಶ್ಯೂ ಕಲ್ಚರ್ ಸಸಿಗೆ ರೋಗವೇ ಇರುವುದಿಲ್ಲ ಎಂಬ ನಂಬಿಕೆ ನಮ್ಮ ರೈತರಲ್ಲಿದೆ. ಇದು ಅರ್ಧ ನಿಜ. ಮಣ್ಣಿನ ಶಿಲೀಂಧ್ರ, ಜಂತುಹುಳ, ಗೆಡ್ಡೆ ಕೊರೆಯುವ ಹುಳ ನಳಿಕೆಯ ಸಸಿಯಲ್ಲಿ ಬರುವುದಿಲ್ಲ. ಆದರೆ ತಾಯಿಗಿಡದಲ್ಲಿ ವೈರಸ್ ಇದ್ದರೆ ಸಸಿಯಲ್ಲೂ ಇರಬಹುದು. ಒಂದು ರೋಗಿಷ್ಠ ತಾಯಿಯಿಂದ ಸಾವಿರ ರೋಗಿಷ್ಠ ಮಕ್ಕಳಾದಂತೆ. ಆದ್ದರಿಂದ ಸಸಿ ಕೊಳ್ಳುವಾಗ ವೈರಸ್ ಪರೀಕ್ಷೆಯ ದೃಢೀಕರಣ ಪತ್ರ ಇದೆಯೇ ಎಂದು ಕೇಳಿ. ಕೇಳಲು ಸಂಕೋಚ ಬೇಡ.

ಎರಡನೆಯದಾಗಿ, ಕಂದು ತರುವಾಗ ತೋಟವನ್ನು ಕಣ್ಣಾರೆ ನೋಡಿ ತನ್ನಿ. ಎಲೆಗಳು ಕಿರಿದಾಗಿ, ತುದಿಯಲ್ಲಿ ಗೊಂಚಲಿನಂತೆ ಒತ್ತಾಗಿ ನಿಂತಿದ್ದರೆ ಅದು ಬಂಚಿ ಟಾಪ್ ರೋಗ. ಅದನ್ನು ಹರಡುವುದು ಸಸ್ಯಹೇನು. ಅಂಥ ಬುಡವನ್ನು ಗೆಡ್ಡೆ ಸಮೇತ ಕಿತ್ತು ನಾಶಮಾಡಬೇಕು. ಮೇಲಿನಿಂದ ಕಡಿದರೆ ಸಾಲದು, ಮತ್ತೆ ಚಿಗುರುವ ಕಂದಿನಲ್ಲೂ ರೋಗವಿರುತ್ತದೆ. ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗಿ ಜೋತುಬಿದ್ದು, ದಿಂಡನ್ನು ಕಡಿದಾಗ ಒಳಗೆ ಕೆಂಗಂದು ಗೆರೆಗಳು ಕಂಡರೆ ಅದು ಸೊರಗು ರೋಗ. ಆ ತೋಟದಿಂದ ಕಂದು ಮಾತ್ರವಲ್ಲ, ಹಾರೆ, ಗುದ್ದಲಿ, ಚಪ್ಪಲಿಗೆ ಅಂಟಿದ ಮಣ್ಣನ್ನೂ ತರಬಾರದು. ಇಂಥದ್ದು ಕಂಡರೆ ಕೃಷಿಭವನಕ್ಕೆ ತಿಳಿಸಿ.

ಮೂರನೆಯದಾಗಿ, ಎಲ್ಲ ಜಾಗಕ್ಕೂ ಒಂದೇ ತಳಿ ತುಂಬಬೇಡಿ. ಮಾರುಕಟ್ಟೆಗೆ ನೇಂದ್ರವೋ ಜಿ-9ವೋ ಇರಲಿ, ಬೇಡವೆನ್ನುವುದಿಲ್ಲ. ಆದರೆ ಹಿತ್ತಿಲಿನ ಮೂಲೆಯಲ್ಲಿ ಹೆಸರೂ ಸರಿಯಾಗಿ ಗೊತ್ತಿಲ್ಲದ, ಅತ್ತೆಯ ಕಾಲದಿಂದ ಬಂದ ಒಂದು ಬಾಳೆ ಇದ್ದರೆ ಅದನ್ನು ಕಡಿದು ಜಾಗ ಖಾಲಿ ಮಾಡುವ ಮುನ್ನ ಯೋಚಿಸಿ. ಅದರ ಬೆಲೆ ಪೇಟೆಯಲ್ಲಿ ಇಲ್ಲದಿರಬಹುದು. ಯಾವ ರೋಗವನ್ನು ಅದು ತಾಳಿಕೊಳ್ಳಬಲ್ಲದೆಂದು ಇಂದು ನಮಗೆ ತಿಳಿಯದಿರಬಹುದು. ಯಾಂಗಂಬಿ ಬಾಳೆಯ ಗುಣ ತಿಳಿದದ್ದೂ ಯಾರೋ ಅದನ್ನು ಕಡಿಯದೆ ಬಿಟ್ಟದ್ದರಿಂದ.

ಅಂಥ ಹಳೆಯ ಬಾಳೆ ನಿಮ್ಮಲ್ಲಿದ್ದು, ಬುಡ ಆರೋಗ್ಯವಾಗಿದ್ದರೆ, ಮಳೆ ಹಿಡಿಯುವ ಮುನ್ನ ಈಟಿಯಂತೆ ಕಿರಿದಾದ ಎಲೆಯ ಒಂದು ಕಂದನ್ನು ಆರಿಸಿ. ಗೆಡ್ಡೆಯ ಬೇರು, ಮಣ್ಣು ಕೆತ್ತಿ ತೆಗೆದು, ಹುಳ ಕೊರೆದ ಗುರುತು ಇಲ್ಲವೆಂದು ನೋಡಿ, ನೆರೆಮನೆಗೆ ಕೊಡಿ. ನಿಮ್ಮ ಗಿಡ ಗಾಳಿಗೆ ಬಿದ್ದರೂ, ನೆರೆಗೆ ಕೊಚ್ಚಿಹೋದರೂ ಅದರ ಪ್ರತಿ ಅಲ್ಲಿರುತ್ತದೆ. ದ್ರವ ಸಾರಜನಕವಿಲ್ಲದ ನಮಗೆ ಅದೇ ಮೊಂಪೆಲ್ಯೆ.