ಡೀಸೆಲ್ ವಾಹನಗಳ ಕಪ್ಪು ಹೊಗೆ: ಮಾಲೀಕರಿಗೆ ಮಾಹಿತಿ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಇಂಜೆಕ್ಟರ್ ಸಿಂಪಡಿಸುವ ಡೀಸೆಲ್ ಆ ಬಿಸಿಗೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಿದ್ದರೆ ಅಥವಾ ಇಂಜೆಕ್ಟರ್ ತೊಟ್ಟಿಕ್ಕುತ್ತಿದ್ದರೆ ದಹನ ಪೂರ್ಣವಾಗದೆ ಮಸಿ ಹೊರಬರುತ್ತದೆ. ಮಾಲೀಕರು ಹಣ ತೆತ್ತು ತುಂಬಿಸಿದ ಡೀಸೆಲ್ಲೇ ಹೀಗೆ ಹೊಗೆಯಾಗಿ ಹೋಗುತ್ತದೆ.

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 115ರ ಮೇರೆಗೆ, ಮೊದಲ ನೋಂದಣಿಯಿಂದ ಒಂದು ವರ್ಷ ಕಳೆದ ವಾಹನವು ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರವನ್ನು ಹೊಂದಿರತಕ್ಕದ್ದು. ಇದರ ಅವಧಿ ಭಾರತ್ ಸ್ಟೇಜ್-4 ಮತ್ತು 6ರ ವಾಹನಗಳಿಗೆ 12 ತಿಂಗಳು, ಹಳೆಯವುಗಳಿಗೆ 6 ತಿಂಗಳು.

ಹಳೆಯ ವಾಹನಗಳಲ್ಲಿ ತಪಾಸಣೆಯ ದಿನ ಮಾತ್ರ ಪಂಪಿನ ಇಂಧನ ಪ್ರಮಾಣವನ್ನು ತಗ್ಗಿಸಿ, ಮರುದಿನ ಮೊದಲಿನಂತೆ ತಿರುಗಿಸುವ ರೂಢಿಯುಂಟು. ಇದರಿಂದ ಪ್ರಮಾಣಪತ್ರ ದೊರೆತೀತು, ಡೀಸೆಲ್ ಉಳಿಯದು. ತಪಾಸಣೆಗೆ ಮುನ್ನ ಏರ್ ಫಿಲ್ಟರ್ ಬದಲಾಯಿಸಿ ಇಂಜೆಕ್ಟರುಗಳನ್ನು ಪರೀಕ್ಷಿಸಿಕೊಳ್ಳುವುದೇ ಮೇಲು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸ್ಟೇಜ್-6ರ ಡೀಸೆಲ್ ವಾಹನಗಳಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ. ಊರೊಳಗಿನ ಸಣ್ಣ ಓಡಾಟದಲ್ಲಿ ಅದು ಸಾಕಷ್ಟು ಕಾಯದೆ ಮಸಿ ತುಂಬಿಕೊಳ್ಳುತ್ತದೆ. ಎಚ್ಚರಿಕೆ ದೀಪ ಬೆಳಗಿದಲ್ಲಿ ವಾಹನದ ಕೈಪಿಡಿಯಲ್ಲಿ ತಿಳಿಸಿರುವಂತೆ ಹೆದ್ದಾರಿಯಲ್ಲಿ ಸಮವೇಗದಿಂದ ಕೆಲಕಾಲ ಚಲಾಯಿಸತಕ್ಕದ್ದು. ಫಿಲ್ಟರನ್ನು ತೆಗೆಸಬಾರದು.