ಕಷ್ಟಕಾಲದಲ್ಲಿ ಕೈಹಿಡಿಯುವ ಸುಖಾಂತ್ಯ: ಐತಿಹಾಸಿಕ ಪ್ರಣಯ ಕಾದಂಬರಿಗಳ ಓದು ಮನಸ್ಸಿಗೆ ನೆಮ್ಮದಿ ನೀಡುವುದೇಕೆ?

ರುಮೇನಿಯಾದ ಸೆರೆಮನೆಯಲ್ಲಿ 12 ವರ್ಷ ರಾಜಕೀಯ ಕೈದಿಯಾಗಿದ್ದ ಮಹಿಳೆಯೊಬ್ಬರು ಇಂಗ್ಲೆಂಡಿನ ಕಾದಂಬರಿಗಾರ್ತಿ ಜಾರ್ಜೆಟ್ ಹೇಯರ್ ಅವರಿಗೆ ಒಮ್ಮೆ ಪತ್ರ ಬರೆದರು. ಹೇಯರ್ ಅವರ ‘ಫ್ರೈಡೇಸ್ ಚೈಲ್ಡ್’ ಕಾದಂಬರಿಯ ಕಥೆಯನ್ನು ನೆನಪಿನಿಂದಲೇ ಮತ್ತೆ ಮತ್ತೆ ಹೇಳುತ್ತಾ ತಾವೂ ತಮ್ಮ ಸಹಕೈದಿಗಳೂ ಬುದ್ಧಿ ಸ್ಥಿಮಿತದಲ್ಲಿ ಉಳಿದುದಾಗಿ ಅದರಲ್ಲಿ ತಿಳಿಸಿದ್ದರು. ಪ್ರಚಾರವೆಂದರೆ ದೂರ ಸರಿಯುತ್ತಿದ್ದ ಹೇಯರ್ ಆ ಪತ್ರವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದರು. ಜೇನ್ ಏಕನ್ ಹಾಡ್ಜ್ 1984ರಲ್ಲಿ ಪ್ರಕಟಿಸಿದ ಹೇಯರ್ ಜೀವನಚರಿತ್ರೆಯಿಂದ ಈ ಸಂಗತಿ ಓದುಗರಿಗೆ ತಿಳಿಯಿತು.

ಸೆರೆಮನೆಯಲ್ಲಿ ಆಸರೆಯಾದದ್ದು ಧರ್ಮಗ್ರಂಥವಲ್ಲ, ತತ್ವಶಾಸ್ತ್ರವಲ್ಲ, ಒಂದು ಹಾಸ್ಯಭರಿತ ಪ್ರೇಮಕಥೆ. ಪ್ರೇಯಸಿಯಿಂದ ತಿರಸ್ಕೃತನಾದ ಶ್ರೀಮಂತ ಯುವಕನೊಬ್ಬ ಎದುರಿಗೆ ಸಿಗುವ ಮೊದಲ ಹೆಣ್ಣನ್ನೇ ವರಿಸುವುದಾಗಿ ಪಣ ತೊಡುತ್ತಾನೆ. ಬಾಲ್ಯದಿಂದ ಬಲ್ಲ ಅನಾಥ ಹುಡುಗಿ ಅವನ ಕೈಹಿಡಿಯುತ್ತಾಳೆ. ಲೋಕಜ್ಞಾನವಿಲ್ಲದ ಅವಳು ಲಂಡನ್ನಿನಲ್ಲಿ ಒಂದಾದ ಮೇಲೊಂದು ಪೇಚಿಗೆ ಸಿಲುಕುತ್ತಾಳೆ. ತನಗೆ ಅವಳ ಮೇಲೆ ನಿಜವಾದ ಪ್ರೀತಿಯಿದೆ ಎಂಬುದು ಗಂಡನಿಗೆ ಅರಿವಾಗುವ ಹೊತ್ತಿಗೆ ಕಥೆ ಮುಗಿಯುತ್ತದೆ. ಇಷ್ಟು ಹಗುರವಾದ ಕಥೆಗೆ ಅಷ್ಟು ಭಾರ ಹೊರುವ ಶಕ್ತಿ ಬಂದದ್ದಾದರೂ ಎಲ್ಲಿಂದ?

ರೋಗಿಯ ಹಾಸಿಗೆಯ ಪಕ್ಕದಲ್ಲಿ ಹುಟ್ಟಿದ ಕಥೆ

1902ರಲ್ಲಿ ಜನಿಸಿದ ಹೇಯರ್ ಕಥೆ ಕಟ್ಟಲು ಆರಂಭಿಸಿದ್ದೇ ಸಾಂತ್ವನಕ್ಕಾಗಿ. ರಕ್ತ ಹೆಪ್ಪುಗಟ್ಟದ ಕಾಯಿಲೆಯಿಂದ ಬಳಲುತ್ತಿದ್ದ ತಮ್ಮ ಬೋರಿಸ್‌ನ ಬೇಸರ ಕಳೆಯಲು 17ರ ಹರೆಯದಲ್ಲಿ ಅವರು ಹದಿನೆಂಟನೆಯ ಶತಮಾನದ ಸಾಹಸ ಕಥೆಯೊಂದನ್ನು ಕಂತು ಕಂತಾಗಿ ಹೇಳತೊಡಗಿದರು. ತಂದೆಯ ಪ್ರೋತ್ಸಾಹದಿಂದ ಅದು 1921ರಲ್ಲಿ ‘ದಿ ಬ್ಲ್ಯಾಕ್ ಮಾತ್’ ಎಂಬ ಕಾದಂಬರಿಯಾಗಿ ಹೊರಬಂತು. 1935ರ ‘ರೀಜೆನ್ಸಿ ಬಕ್’ ಕೃತಿಯೊಂದಿಗೆ ಅವರು ಇಂಗ್ಲೆಂಡಿನ ರೀಜೆನ್ಸಿ ಕಾಲವನ್ನು ತಮ್ಮದಾಗಿಸಿಕೊಂಡರು. ದೊರೆ ಮೂರನೆಯ ಜಾರ್ಜ್ ಮಾನಸಿಕ ಅಸ್ವಸ್ಥತೆಗೆ ಒಳಗಾದ ಕಾರಣ ಯುವರಾಜನು ಆತನ ಪರವಾಗಿ ಆಡಳಿತ ನಡೆಸಿದ 1811ರಿಂದ 1820ರವರೆಗಿನ ಅವಧಿ ಇದು. ಇಂದಿಗೂ ಇಂಗ್ಲಿಷ್ ಐತಿಹಾಸಿಕ ಪ್ರಣಯ ಕಾದಂಬರಿಗಳ ಅಚ್ಚುಮೆಚ್ಚಿನ ಕಾಲ ಇದೇ.

‘ಫ್ರೈಡೇಸ್ ಚೈಲ್ಡ್’ 1944ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ ಪ್ರಕಟವಾಯಿತು. 1940ರ ಸೆಪ್ಟೆಂಬರ್‌ನಿಂದ 1941ರ ಮೇವರೆಗೆ ಜರ್ಮನ್ ವಿಮಾನಗಳು ಬ್ರಿಟಿಷ್ ನಗರಗಳ ಮೇಲೆ ನಡೆಸಿದ ಬಾಂಬ್ ದಾಳಿಯಲ್ಲಿ ಲಂಡನ್ನಿನ ಜನರು ಸುರಂಗ ರೈಲು ನಿಲ್ದಾಣಗಳಲ್ಲಿ ರಾತ್ರಿ ಕಳೆಯುತ್ತಿದ್ದರು. ಬೆತ್ನಲ್ ಗ್ರೀನ್ ನಿಲ್ದಾಣದ ಆಶ್ರಯತಾಣದಲ್ಲಿ ಗ್ರಂಥಾಲಯವನ್ನೇ ತೆರೆಯಲಾಗಿತ್ತು. ಕಾಗದಕ್ಕೆ ಪಡಿತರ ಬಂದಿದ್ದರೂ ಓದುವವರಿಗೆ ಬರವಿರಲಿಲ್ಲ.

ಹೇಯರ್ ಅವರಿಗೇ ತಮ್ಮ ಕೃತಿಗಳ ಬಗ್ಗೆ ಎರಡು ಮನಸ್ಸಿತ್ತು. ಇಂತಹ ಅಸಂಬದ್ಧವನ್ನು ಬರೆದ ತಪ್ಪಿಗೆ ತಮ್ಮನ್ನು ಗುಂಡಿಕ್ಕಬೇಕು ಎಂದು ಪತ್ರವೊಂದರಲ್ಲಿ ಹಾಸ್ಯವಾಡಿದ ಅವರು, ಬಾಂಬ್ ದಾಳಿಯ ಆಶ್ರಯತಾಣದಲ್ಲಿ ಕುಳಿತಾಗಲೋ ಜ್ವರದಿಂದ ಚೇತರಿಸಿಕೊಳ್ಳುವಾಗಲೋ ತಮಗೂ ಇಂಥದ್ದೇ ಓದು ಹಿಡಿಸೀತು ಎಂದೂ ಸೇರಿಸಿದ್ದರು. ವಿಮರ್ಶಕರು ‘ಪಲಾಯನ ಸಾಹಿತ್ಯ’ ಎಂದು ಕರೆಯುವ ಪ್ರಕಾರದ ಉಪಯೋಗವನ್ನು ಅದನ್ನು ಬರೆದವರೇ ಹೀಗೆ ಸ್ಪಷ್ಟವಾಗಿ ಗುರುತಿಸಿದ್ದರು.

ಓದುವ ಮೊದಲೇ ತಿಳಿದ ಮುಕ್ತಾಯ

ಈ ಸಾಂತ್ವನದ ಮೊದಲ ಕಾರಣ ಕಥೆಯ ಮುಕ್ತಾಯ. ಪ್ರೇಮಕಥೆಯೇ ಕೇಂದ್ರವಾಗಿರಬೇಕು, ಮನಸ್ಸಿಗೆ ತೃಪ್ತಿ ಮತ್ತು ಭರವಸೆ ನೀಡುವ ಅಂತ್ಯವಿರಬೇಕು ಎಂಬುದು ಅಮೆರಿಕದ ಪ್ರಣಯ ಕಾದಂಬರಿಕಾರರ ಸಂಘ ಈ ಪ್ರಕಾರಕ್ಕೆ ನೀಡಿದ ವ್ಯಾಖ್ಯೆ. ನಾಯಕ ನಾಯಕಿಯರು ಒಂದಾಗುತ್ತಾರೆ ಎಂಬುದು ಮೊದಲ ಪುಟದಲ್ಲೇ ಖಚಿತ. ಹೇಗೆ ಒಂದಾಗುತ್ತಾರೆ ಎಂಬುದಷ್ಟೇ ಕುತೂಹಲ. ನಾಳೆ ಏನಾಗುವುದೋ ತಿಳಿಯದ ಆತಂಕದಲ್ಲಿರುವವರಿಗೆ ಈ ಖಚಿತತೆಯೇ ದೊಡ್ಡ ಬಿಡುವು. ಕಥೆಯಲ್ಲಿ ಆತಂಕವಿದ್ದರೂ ಅದು ಮಿತಿ ಮೀರುವುದಿಲ್ಲ ಎಂಬ ವಿಶ್ವಾಸ ಓದುಗರಿಗಿರುತ್ತದೆ.

ಅಂತ್ಯ ತಿಳಿದರೆ ಕಥೆ ಸಪ್ಪೆಯಾಗುತ್ತದೆ ಎಂಬ ಸಾಮಾನ್ಯ ನಂಬಿಕೆಯೂ ಪೂರ್ಣ ಸರಿಯಲ್ಲ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಥೆಯ ಗುಟ್ಟನ್ನು ಮೊದಲೇ ತಿಳಿದು ಓದಿದವರು ಹೆಚ್ಚು ಸಂತೋಷಪಟ್ಟದ್ದು ಕಂಡುಬಂತು. ನಂತರದ ಕೆಲವು ಅಧ್ಯಯನಗಳ ಫಲಿತಾಂಶ ಭಿನ್ನವಾಗಿತ್ತು. ಆದರೂ ಒಂದೇ ಪುಸ್ತಕವನ್ನು ಹತ್ತು ಬಾರಿ ಓದುವವರಿಗೆ ಈ ಸುಖದ ಪರಿಚಯ ಚೆನ್ನಾಗಿಯೇ ಇದೆ.

ಎರಡನೆಯ ಕಾರಣ ಕಾಲದ ದೂರ. ಸಮಕಾಲೀನ ಕಥೆಯಲ್ಲಿ ಓದುಗರ ಕಚೇರಿ, ಸಾಲ, ಆಸ್ಪತ್ರೆಗಳು ಯಾವ ತಿರುವಿನಲ್ಲಾದರೂ ಎದುರಾಗಬಹುದು. ಕುದುರೆಗಾಡಿ, ಮೇಣದ ಬತ್ತಿ, ನೃತ್ಯಕೂಟಗಳ ಲೋಕದಲ್ಲಿ ಅವುಗಳ ನೆರಳಿಲ್ಲ. ಆದರೆ ಆ ಲೋಕ ನಂಬುವಂತಿರಬೇಕು. ಹೇಯರ್ ಬಳಿ ಇತಿಹಾಸಕ್ಕೆ ಸಂಬಂಧಿಸಿದ ಸಾವಿರಕ್ಕೂ ಹೆಚ್ಚು ಆಕರ ಗ್ರಂಥಗಳಿದ್ದವು. ಉಡುಪು, ಬೆಲೆ, ಆ ಕಾಲದ ಬೈಗುಳಗಳನ್ನು ಸಹ ಅವರು ಟಿಪ್ಪಣಿ ಮಾಡಿಟ್ಟುಕೊಳ್ಳುತ್ತಿದ್ದರು. ವಿವರಗಳು ಗಟ್ಟಿಯಾಗಿದ್ದಷ್ಟೂ ಓದುಗರು ನಿಶ್ಚಿಂತೆಯಿಂದ ಕಥೆಯೊಳಗೆ ನೆಲೆಸಬಲ್ಲರು.

‘ಇದು ನನ್ನ ಸಮಯ’

ಮೂರನೆಯ ಕಾರಣ ಪುಸ್ತಕದಲ್ಲಿಲ್ಲ, ಓದುವ ಕ್ರಿಯೆಯಲ್ಲಿದೆ. ಅಮೆರಿಕದ ವಿದ್ವಾಂಸೆ ಜಾನಿಸ್ ರಾಡ್ವೇ 1984ರ ‘ರೀಡಿಂಗ್ ದ ರೊಮ್ಯಾನ್ಸ್’ ಗ್ರಂಥಕ್ಕಾಗಿ ಒಂದು ಊರಿನ ಓದುಗ ಮಹಿಳೆಯರನ್ನು ಮಾತನಾಡಿಸಿದರು. ಬಹುಪಾಲು ಗೃಹಿಣಿಯರು, ತಾಯಂದಿರು. ಇಡೀ ದಿನ ಗಂಡ ಮಕ್ಕಳ ಆರೈಕೆಯಲ್ಲಿ ತೊಡಗಿದ ಅವರಿಗೆ, ಕೈಯಲ್ಲಿ ಹಿಡಿದ ಪುಸ್ತಕ ‘ಈ ಹೊತ್ತು ನನ್ನದು’ ಎಂಬ ಘೋಷಣೆಯಾಗಿತ್ತು. ಎಲ್ಲರನ್ನೂ ಉಪಚರಿಸುವ ಹೆಣ್ಣು ಕಥೆಯ ನಾಯಕಿಯ ಮೂಲಕ ತಾನೂ ಉಪಚಾರ ಪಡೆಯುತ್ತಾಳೆ ಎಂಬುದು ರಾಡ್ವೇ ವಾದ. ದುಃಖಾಂತ್ಯವನ್ನು ಈ ಓದುಗರು ಒಪ್ಪುತ್ತಲೇ ಇರಲಿಲ್ಲ.

ಹೀಗಾಗಿ ಐತಿಹಾಸಿಕ ಕಾದಂಬರಿಗಳೆಲ್ಲವೂ ಈ ಕೆಲಸಕ್ಕೆ ಒದಗುವುದಿಲ್ಲ. ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದಂದಿನಿಂದ ಕನ್ನಡಿಗರಿಗೆ ಕೋಟೆ ಕೊತ್ತಲಗಳ ನಡುವಿನ ಪ್ರೇಮಕಥೆ ಪರಿಚಿತವೇ. ಆದರೆ ಕನ್ನಡದ ಶ್ರೇಷ್ಠ ಐತಿಹಾಸಿಕ ಕಾದಂಬರಿಗಳು ಪತನದತ್ತ ನಡೆಯುತ್ತವೆ. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ತ.ರಾ.ಸು. ಅವರ ‘ದುರ್ಗಾಸ್ತಮಾನ’ದ ಹೆಸರೇ ಅದರ ಅಂತ್ಯವನ್ನು ಹೇಳುತ್ತದೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕೊಡಗಿನ ಕೊನೆಯ ಅರಸ ರಾಜ್ಯ ಕಳೆದುಕೊಂಡ ಕಥೆ. ಇವು ಮನಸ್ಸನ್ನು ಕಲಕುವ ಕೃತಿಗಳು, ತಣಿಸುವಂಥವಲ್ಲ. ಅಂತ್ಯ ಮೊದಲೇ ತಿಳಿದಿದ್ದರೆ ಸಾಲದು, ಆ ಅಂತ್ಯ ಸುರಕ್ಷಿತವೂ ಆಗಿರಬೇಕು.

ಯಾರ ನೆಮ್ಮದಿಯ ಗತಕಾಲ?

ಈ ನೆಮ್ಮದಿಗೆ ಒಂದು ಬೆಲೆಯೂ ಇದೆ. ಗತಕಾಲವನ್ನು ಹಿತವಾಗಿಸಬೇಕಾದರೆ ಅದರಲ್ಲಿ ಬಹಳಷ್ಟನ್ನು ಬಿಡಬೇಕಾಗುತ್ತದೆ. ರೀಜೆನ್ಸಿ ಕಾಲದ ಬ್ರಿಟನ್ 1815ರವರೆಗೆ ನೆಪೋಲಿಯನ್ನನ ಜೊತೆ ಯುದ್ಧದಲ್ಲಿತ್ತು. ಅದರ ಸಿರಿವಂತಿಕೆಯ ಒಂದು ಪಾಲು ವಸಾಹತುಗಳಿಂದ ಬಂದದ್ದು. ವಾಟರ್‌ಲೂ ಯುದ್ಧವನ್ನು ಕುರಿತ ಹೇಯರ್ ಅವರ 1937ರ ‘ಆ್ಯನ್ ಇನ್‌ಫೇಮಸ್ ಆರ್ಮಿ’ ಕಾದಂಬರಿಯಲ್ಲಿ ಕಾಣುವ ವೆಲಿಂಗ್ಟನ್ ಡ್ಯೂಕ್, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲ್ಗೊಂಡ ಆರ್ಥರ್ ವೆಲ್ಲೆಸ್ಲಿಯೇ. ಟಿಪ್ಪು ಮಡಿದ ಮೇಲೆ ಆ ಪಟ್ಟಣದ ಅಧಿಕಾರ ವಹಿಸಿಕೊಂಡವನೂ ಅವನೇ. ಲಂಡನ್ನಿನ ನೃತ್ಯಕೂಟದಲ್ಲಿ ಹಿತವಾಗಿ ಕಾಣುವ ಕಾಲ ಶ್ರೀರಂಗಪಟ್ಟಣದಿಂದ ನೋಡಿದರೆ ಹಾಗೆ ಕಾಣದು. ಹೇಯರ್ ಅವರ 1950ರ ‘ದ ಗ್ರ್ಯಾಂಡ್ ಸೋಫಿ’ಯಲ್ಲಿ ಯಹೂದಿ ಲೇವಾದೇವಿಗಾರನ ಚಿತ್ರಣವೂ ಇಂದಿನ ಓದುಗರಿಗೆ ಮುಜುಗರ ತರುತ್ತದೆ.

ಇಷ್ಟಾದರೂ ಈ ಓದಿನ ಸೆಳೆತ ತಗ್ಗಿಲ್ಲ. ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರ್‌ನಲ್ಲಿ, ಜೂಲಿಯಾ ಕ್ವಿನ್ ಅವರ ರೀಜೆನ್ಸಿ ಕಾದಂಬರಿಗಳನ್ನು ಆಧರಿಸಿದ ‘ಬ್ರಿಜರ್ಟನ್’ ಸರಣಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದಾಗ, 2000ದಲ್ಲಿ ಪ್ರಕಟವಾಗಿದ್ದ ಮೂಲ ಕಾದಂಬರಿ ಎರಡು ದಶಕಗಳ ನಂತರ ನ್ಯೂಯಾರ್ಕ್ ಟೈಮ್ಸ್‌ನ ಅತಿಹೆಚ್ಚು ಮಾರಾಟದ ಪಟ್ಟಿ ಸೇರಿತು. ಮನೆಯೊಳಗೆ ಬಂದಿಯಾದ ಜಗತ್ತು ಮತ್ತೊಮ್ಮೆ ಅದೇ ನೃತ್ಯಕೂಟದ ಬಾಗಿಲು ತಟ್ಟಿತ್ತು.

ಇಂತಹ ಓದು ಕಷ್ಟವನ್ನು ಪರಿಹರಿಸುವುದಿಲ್ಲ. ರಾಡ್ವೇ ಅವರೂ ಇದನ್ನೇ ಹೇಳಿದ್ದಾರೆ: ಪುಸ್ತಕ ಮುಚ್ಚಿದೊಡನೆ ಮನೆಗೆಲಸ ಮೊದಲಿನಂತೆಯೇ ಕಾದಿರುತ್ತದೆ, ಅದರ ಹಂಚಿಕೆಯೂ ಬದಲಾಗಿರುವುದಿಲ್ಲ. ಆದರೆ ಕಷ್ಟ ಪರಿಹಾರವಾಗುವವರೆಗೆ ಮನಸ್ಸು ಒಡೆಯದೆ ಉಳಿಯಬೇಕಲ್ಲವೆ? ದಣಿದವರು ನೆರಳಿನಲ್ಲಿ ಕುಳಿತರೆ ದಾರಿ ಸವೆಯುವುದಿಲ್ಲ ನಿಜ. ಮುಂದೆ ನಡೆಯುವ ಬಲ ಮಾತ್ರ ಅಲ್ಲಿಯೇ ಕೂಡಿಬರುತ್ತದೆ.