ಉಪಗುತ್ತಿಗೆ ಒಪ್ಪಂದ: ದರದಷ್ಟೇ ಮುಖ್ಯವಾದ ಷರತ್ತುಗಳು

ಕಟ್ಟಡ ನಿರ್ಮಾಣ ಕ್ಷೇತ್ರದಲ್ಲಿ ಮುಖ್ಯ ಗುತ್ತಿಗೆದಾರರು ಕಾಮಗಾರಿಯನ್ನು ಒಟ್ಟಾಗಿ ವಹಿಸಿಕೊಂಡು ಗಾರೆ, ಕೊಳಾಯಿ, ವಿದ್ಯುತ್, ಬಣ್ಣ ಮೊದಲಾದ ಕೆಲಸಗಳನ್ನು ಉಪಗುತ್ತಿಗೆಗೆ ನೀಡುವುದು ರೂಢಿ. ಆಗ ನಡೆಯುವ ಮಾತುಕತೆಯು ಬಹುಪಾಲು ಚದರಡಿಯ ದರಕ್ಕೇ ಸೀಮಿತವಾಗಿರುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಬಂದ ಗಾರೆ ಕೆಲಸದ ಉಪಗುತ್ತಿಗೆದಾರರೊಬ್ಬರ ಲೆಕ್ಕಪತ್ರಗಳು ಲಾಭ ತೋರಿಸುತ್ತಿದ್ದವು. ಆದರೆ ವಾರದ ಬಟವಾಡೆಗೆ ಅವರ ಬಳಿ ಹಣವಿರಲಿಲ್ಲ. ಅವರು ಒಪ್ಪಿದ್ದ ದರವೇನೂ ಕಡಿಮೆಯದಾಗಿರಲಿಲ್ಲ. ಪಾವತಿಯ ಷರತ್ತುಗಳನ್ನು ಓದದೆ ಸಹಿ ಮಾಡಿದ್ದರು.

ಒಂದು ಬಿಲ್ಲಿನ ಲೆಕ್ಕ

ಮಾಲೀಕರೊಬ್ಬರೇ ನಡೆಸುವ ಸಂಸ್ಥೆಯೊಂದು 10,00,000 ರೂ. ಮೌಲ್ಯದ ಕೆಲಸಕ್ಕೆ ಬಿಲ್ಲು ಸಲ್ಲಿಸಿದೆ ಎಂದುಕೊಳ್ಳೋಣ. ಶೇ. 18ರ ಜಿಎಸ್‌ಟಿ 1,80,000 ರೂ. ಸೇರಿ ಒಟ್ಟು 11,80,000 ರೂ. ಆಗುತ್ತದೆ. ಇದರಲ್ಲಿ ಶೇ. 5ರ ರಿಟೆನ್ಷನ್ ಹಣ 50,000 ರೂ. ಹಾಗೂ ಶೇ. 1ರ ಟಿಡಿಎಸ್ 10,000 ರೂ. ಕಡಿತವಾಗಿ 11,20,000 ರೂ. ಕೈಸೇರುತ್ತದೆ. ಜಿಎಸ್‌ಟಿಯನ್ನು ಪ್ರತ್ಯೇಕಿಸಿದರೆ ಉಳಿಯುವುದು 9,40,000 ರೂ. ಕೆಲಸದ ಖರ್ಚೂ ಅಷ್ಟೇ ಆಗಿದ್ದರೆ ಶೇ. 6ರ ಲಾಭವು ಸಂಪೂರ್ಣವಾಗಿ ಪರರ ಬಳಿಯೇ ಉಳಿದಂತಾಯಿತು. ಟಿಡಿಎಸ್ ಅನ್ನು ವರ್ಷಾಂತ್ಯದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ರಿಟೆನ್ಷನ್ ಹಣ ಯಾವಾಗ ಮರಳುವುದೆಂಬುದನ್ನು ಒಪ್ಪಂದವೇ ಹೇಳಬೇಕು.

ಜಿಎಸ್‌ಟಿ ಹೊಣೆ

ಹಂತ ಹಂತವಾಗಿ ಹಣ ಸಲ್ಲುವ ನಿರಂತರ ಸೇವೆಗಳಲ್ಲಿ, ಒಪ್ಪಂದದಿಂದ ಪಾವತಿಯ ದಿನ ತಿಳಿಯುವಂತಿದ್ದರೆ ಆ ದಿನದೊಳಗೆ ಇನ್‌ವಾಯ್ಸ್ ನೀಡಬೇಕೆಂದು ಜಿಎಸ್‌ಟಿ ಕಾಯಿದೆಯ 31(5) ವಿಧಿ ಹೇಳುತ್ತದೆ. ದಿನ ತಿಳಿಯುವಂತಿಲ್ಲದಿದ್ದರೆ ಹಣ ಬಂದಾಗ, ಪಾವತಿಯು ಒಂದು ಹಂತದ ಮುಕ್ತಾಯಕ್ಕೆ ಹೊಂದಿಕೊಂಡಿದ್ದರೆ ಆ ಹಂತ ಮುಗಿಯುವುದರೊಳಗೆ ನೀಡಬೇಕು. ಅಂದರೆ ತೆರಿಗೆ ಯಾವಾಗ ಬರುವುದೆಂಬುದು ಒಪ್ಪಂದದ ಮಾತುಗಳನ್ನು ಅವಲಂಬಿಸಿದೆ. ಇನ್‌ವಾಯ್ಸ್ ನೀಡಿದ ಮೇಲೆ ಹಣ ಬರಲಿ ಬಿಡಲಿ, ಮಾಸಿಕ ರಿಟರ್ನ್ ಸಲ್ಲಿಸುವವರು ಮುಂದಿನ ತಿಂಗಳ 20ರೊಳಗೆ ತೆರಿಗೆ ಕಟ್ಟಲೇಬೇಕು.

ಮುಖ್ಯ ಗುತ್ತಿಗೆದಾರರಿಗೂ ಇದರಲ್ಲಿ ಎಚ್ಚರಿಕೆಯಿದೆ. ಇನ್‌ವಾಯ್ಸ್ ದಿನಾಂಕದಿಂದ 180 ದಿನಗಳೊಳಗೆ ಹಣ ಪಾವತಿಸದಿದ್ದರೆ, ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಿ, ಪಾವತಿಯ ನಂತರವಷ್ಟೇ ಮತ್ತೆ ಪಡೆಯಬೇಕಾಗುತ್ತದೆ. ಮಾತುಕತೆಯಲ್ಲಿ ಉಪಗುತ್ತಿಗೆದಾರರು ಈ ಅಂಶವನ್ನು ಮುಂದಿಡಬಹುದು.

'ನಮಗೆ ಬಂದಾಗ ನಿಮಗೆ'

ಮಾಲೀಕರಿಂದ ಹಣ ಬಂದ ಮೇಲೆಯೇ ಉಪಗುತ್ತಿಗೆದಾರರಿಗೆ ಪಾವತಿ ಎಂಬ ಷರತ್ತು ಅತ್ಯಂತ ಅಪಾಯಕಾರಿ. ಮಾಲೀಕರು ಯಾರೆಂಬುದೂ ತಿಳಿಯದ ಉಪಗುತ್ತಿಗೆದಾರರು ಅವರ ಸಾಲದ ಹೊರೆಯನ್ನು ಹೊರುತ್ತಾರೆ. ಬ್ರಿಟನ್ 1996ರ ಕಾಯಿದೆಯೊಂದರ ಮೂಲಕ, ಮೇಲಿನವರ ದಿವಾಳಿಯ ಸಂದರ್ಭವನ್ನು ಹೊರತುಪಡಿಸಿ, ನಿರ್ಮಾಣ ಒಪ್ಪಂದಗಳಲ್ಲಿ ಇಂತಹ ಷರತ್ತನ್ನು ನಿರರ್ಥಕಗೊಳಿಸಿತು. ನಮ್ಮಲ್ಲಿ ಅಂತಹ ವಿಶೇಷ ಕಾಯಿದೆಯಿಲ್ಲ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ, ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ವಿಳಂಬಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯಿದೆ. ಆದರೆ ಸಾಮಗ್ರಿ ಮತ್ತು ಕೂಲಿ ಎರಡೂ ಸೇರಿದ ಕಾಮಗಾರಿ ಗುತ್ತಿಗೆಗೆ ಇದು ಅನ್ವಯಿಸುವುದೇ ಎಂಬ ಬಗ್ಗೆ ಉಚ್ಚ ನ್ಯಾಯಾಲಯಗಳ ತೀರ್ಪುಗಳು ಏಕರೂಪವಾಗಿಲ್ಲ. ಆದ್ದರಿಂದ ಕೆಲಸ ಒಪ್ಪುವ ಮೊದಲೇ ಉದ್ಯಮ್ ನೋಂದಣಿ ಪಡೆದಿರುವುದು ಲೇಸು. ಅದನ್ನೊಂದೇ ನೆಚ್ಚಿಕೊಳ್ಳುವುದು ಸಲ್ಲದು.

ಸಹಿಗೆ ಮುನ್ನ

1. ಅಳತೆಯನ್ನು ಇಬ್ಬರೂ ಕೂಡಿ ತೆಗೆದುಕೊಳ್ಳುವ ದಿನ, ಬಿಲ್ಲು ಪರಿಶೀಲನೆಯ ಗಡುವು ಮತ್ತು ಪಾವತಿಯ ದಿನವನ್ನು ನಮೂದಿಸಿ.
2. 'ಬಂದಾಗ ಕೊಡುವ' ಷರತ್ತನ್ನು ಕೈಬಿಡಲು ಒಪ್ಪದಿದ್ದರೆ, ಇಂತಿಷ್ಟು ದಿನಗಳ ನಂತರ ಹೇಗಿದ್ದರೂ ಪಾವತಿಸತಕ್ಕದ್ದೆಂದು ಬರೆಸಿ.
3. ರಿಟೆನ್ಷನ್ ಹಣದ ಗರಿಷ್ಠ ಮಿತಿ ಹಾಗೂ ಬಿಡುಗಡೆಯ ದಿನ ಸ್ಪಷ್ಟವಾಗಿರಲಿ. ಅದರ ಬದಲು ಬ್ಯಾಂಕ್ ಗ್ಯಾರಂಟಿ ನೀಡುವ ಅವಕಾಶ ಕೇಳಿ.
4. ದರವು ಜಿಎಸ್‌ಟಿ ಸೇರಿದ್ದೋ ಹೊರತಾದದ್ದೋ ಎಂಬುದನ್ನು ಬರೆಸಿ.
5. ಹೆಚ್ಚುವರಿ ಕೆಲಸಕ್ಕೆ ಲಿಖಿತ ಆದೇಶವಿಲ್ಲದೆ ಕೈಹಾಕದಿರಿ.

ಪಾವತಿ ನಿಂತರೆ ಮೊದಲು ನಿಲ್ಲುವುದು ಕೂಲಿ, ಆಮೇಲೆ ಕಾಮಗಾರಿ. ಅರ್ಧಕ್ಕೆ ನಿಂತ ಕೆಲಸವನ್ನು ಬೇರೆಯವರಿಂದ ಮಾಡಿಸುವ ವೆಚ್ಚ ಮುಖ್ಯ ಗುತ್ತಿಗೆದಾರರ ಮೇಲೆಯೇ ಬೀಳುತ್ತದೆ. ಆದಕಾರಣ ದರದಲ್ಲಿ ಒಂದೆರಡು ರೂಪಾಯಿ ಬಿಟ್ಟುಕೊಡಬೇಕಾಗಿ ಬಂದರೂ ಪಾವತಿಯ ದಿನವನ್ನು ಬಿಟ್ಟುಕೊಡಬಾರದೆಂಬುದು ಸದಸ್ಯ ಬಾಂಧವರಲ್ಲಿ ನನ್ನ ಅರಿಕೆ.